ಘಟ್ಟ ಹತ್ತಿದ ಹಾಯಿದೋಣಿ

ಬಚ್ಚಲುಮನೆಯ ತೂಕದ ಯಂತ್ರವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಜೀಪಿನ ಹಿಂದಿನ ಸೀಟಿನ ಕೆಳಗೆ ಇಡುತ್ತಿದ್ದಾಗ ಭಾವ ಚಹಾದ ಲೋಟ ಹಿಡಿದು ಅಂಗಳಕ್ಕೆ ಬಂದರು. ಭಾವ ಎಂದರೆ ನಮ್ಮವರ ಅಣ್ಣ. ಎಕ್ಕಂಬಿಯಲ್ಲಿ ನಮ್ಮ ಪಕ್ಕದ ಮನೆಯೇ ಅವರದು.

“ಅದೆಂತಕ್ಕೆ? ಕಾರವಾರಕ್ಕೆ ಹೋಗಿ ತೂಕ ನೋಡ್ಕಳ್ಳೂದಾ?”

“ನನ್ನದಲ್ಲ ಭಾವ, ದೋಣೀದು.”

ಅವರು ನಕ್ಕ ರಭಸಕ್ಕೆ ಚಹಾ ತುಳುಕಿ ಬನಿಯನ್ನಿನ ಮೇಲೆ ಬಿತ್ತು. “ಅಮ್ಮಾ, ಕೇಳ್ತಾ? ಬಚ್ಚಲ ತಕ್ಕಡಿ ಮೇಲೆ ದೋಣಿ ಕೂರಿಸ್ತಾಳಂತೆ ನಿನ್ನ ಸೊಸೆ!”

ನಾನೂ ನಕ್ಕೆ. ಎದುರಿನವರು ನಕ್ಕರೆ ನೀನೂ ನಗು ಎಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ನಕ್ಕಾದ ಮೇಲೆ ನಿನ್ನ ಕೆಲಸ ನೀನು ಮಾಡು ಎಂಬುದನ್ನು ನಾನೇ ಸೇರಿಸಿಕೊಂಡಿದ್ದೆ.

ದೋಣಿ ಕಾರವಾರದ ನಿವೃತ್ತ ಹಡಗು ಇಂಜಿನಿಯರರೊಬ್ಬರದು. ಹದಿನಾಲ್ಕು ಅಡಿಯ ಫೈಬರಿನ ಹಾಯಿದೋಣಿ, ಅದನ್ನು ಹೊರಲು ಎರಡು ಚಕ್ರದ ಟ್ರೇಲರು. ಅವರ ಮಂಡಿ ಸೋತಿತ್ತು, ಮಾರಲು ಇಟ್ಟಿದ್ದರು. ನನ್ನ ಅಮ್ಮ ಕೊಟ್ಟಿದ್ದ ಚಿನ್ನದ ಬಳೆಗಳು ದೋಣಿಯಾದವು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಹೇಳಿದೆ. ನಾನು ಕಾರವಾರದಲ್ಲಿ ಓದಿದವಳು, ಕಾಲೇಜಿನ ನೌಕಾ ಕೆಡೆಟ್ ಆಗಿ ಕಾಳಿ ನದಿಯ ಅಳಿವೆಯಲ್ಲಿ ಹಾಯಿ ಕಟ್ಟಿದವಳು. ಮದುವೆಯಾಗಿ ಘಟ್ಟದ ಮೇಲೆ ಬಂದ ಮೇಲೆ ಗಾಳಿ ಬೀಸಿದಾಗಲೆಲ್ಲ ಒಣಹಾಕಿದ ಸೀರೆ ಯಾವ ಕಡೆ ಉಬ್ಬುತ್ತದೆ ಎಂದು ನೋಡುವುದು ಮಾತ್ರ ಬಿಟ್ಟಿರಲಿಲ್ಲ. ಬನವಾಸಿ ಕಡೆಯ ದೊಡ್ಡ ಕೆರೆಯಲ್ಲಿ ಮಧ್ಯಾಹ್ನದ ಮೇಲೆ ಒಳ್ಳೆ ಗಾಳಿ ಏಳುತ್ತದೆ. ಅದು ನನಗೆ ಗೊತ್ತಿತ್ತು, ಅಷ್ಟೇ.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಬರೀ ನಗೆ. ಒಂದು ದಿನ ಊಟಕ್ಕೆ ಕೂತಾಗ ಭಾವ ಅಂದರು, “ಘಟ್ಟ ಹತ್ತಿಸ್ಲಿಕ್ಕೆ ಆಗದವ್ಳು ನೀರಿಗೆ ಇಳಿಸ್ತಾಳಾ? ಲಾರಿ ಮಾಡಿ ತರ್ಸು ಮಾರಾಯಾ, ಹೆಂಡ್ತಿ ಆಟದ ಸಾಮಾನು.” ಇದು ನಮ್ಮವರಿಗೆ ಹೇಳಿದ ಮಾತು. ಅವರು ಸಾರು ಕಲಸಿಕೊಂಡರು. ನಾನು ಹಪ್ಪಳ ಬಡಿಸುತ್ತ ಹೇಳಿದೆ: “ಕಾರವಾರದಿಂದ ನಮ್ಮ ಅಂಗಳದವರೆಗೆ ನಾನೇ ಎಳ್ಕೊಂಡು ಬರ್ತೆ. ನಡುವೆ ಎಲ್ಲಾದ್ರೂ ಸ್ಟೇರಿಂಗು ಬೇರೆಯವ್ರ ಕೈಗೆ ಹೋದ್ರೆ ದೋಣಿ ವಾಪಸ್ಸು.” ವಾಪಸು ತೆಗೆದುಕೊಳ್ಳಲು ಮಾರುವವರು ಒಪ್ಪಿದ್ದರು ಕೂಡ. ಆ ಮಾತನ್ನು ಆಮೇಲೆ ಮನೆಯಲ್ಲಿ ಒಬ್ಬರೂ ಮರೆಯಲಿಲ್ಲ. ಮರೆಯಲಿ ಎಂದು ನಾನೂ ಬಯಸಲಿಲ್ಲ.

ಸಿದ್ದಾಪುರದ ವೆಲ್ಡರರಲ್ಲಿ ಜೀಪಿನ ಚಾಸಿಗೆ ಗಟ್ಟಿ ಕೊಕ್ಕೆ ಕಟ್ಟಿಸಿದೆ. ಅದರ ತುದಿಯಲ್ಲೊಂದು ಉಕ್ಕಿನ ಗುಂಡು. ಟ್ರೇಲರಿನ ಮೂತಿ ಈ ಗುಂಡಿನ ಮೇಲೆ ಕೂರುತ್ತದೆ. ಗುಂಡು ಒಂದು ಅಳತೆ, ಮೂತಿಯ ಬಟ್ಟಲು ಇನ್ನೊಂದು ಅಳತೆಯಾದರೆ ರಸ್ತೆಯ ಹೊಂಡದಲ್ಲಿ ಹಾರಿ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಮೊದಲೇ ಕಾರವಾರಕ್ಕೆ ಹೋಗಿ ಬಟ್ಟಲಿನೊಳಗೆ ಚಪಾತಿ ಹಿಟ್ಟು ಒತ್ತಿ ಅಚ್ಚು ತಂದಿದ್ದೆ. ಹಿಂದಕ್ಕೆ ಸರಿಸುವುದನ್ನು ನೀರಿನ ಟ್ಯಾಂಕಿನ ಟ್ರಾಲಿ ಕಟ್ಟಿ ಕಲಿತೆ. ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ಬಹಳ ಒದ್ದಾಡಿದ ಮೇಲೆ ಒಂದು ಉಪಾಯ ಹೊಳೆಯಿತು. ಸ್ಟೇರಿಂಗಿನ ಅಡಿಭಾಗ ಹಿಡಿದುಕೊಂಡರೆ ಕೈ ಹೋದ ಕಡೆಗೇ ಟ್ರಾಲಿಯ ಬಾಲವೂ ಹೋಗುತ್ತದೆ.

ದೇವಿಮನೆ ಘಟ್ಟದಲ್ಲಿ ರಸ್ತೆಯ ಕೆಲಸ ನಡೆದಿತ್ತು. ದೊಡ್ಡ ಲಾರಿಗಳು ಹತ್ತುವ ಆರಬೈಲ್ ಘಟ್ಟವೇ ಸರಿ ಎಂದು ಅಂಕೋಲೆಯಿಂದ ಯಲ್ಲಾಪುರ, ಅಲ್ಲಿಂದ ಶಿರಸಿ ಎಂದು ದಾರಿ ಗೊತ್ತುಮಾಡಿಕೊಂಡೆ. ಅಂಕೋಲೆ ಎಂದ ಕೂಡಲೇ ಅತ್ತೆ ಸೀರೆ ಮಡಚತೊಡಗಿದರು. ಅವರ ಮಗಳು, ನನ್ನ ದೊಡ್ಡ ನಾದಿನಿ, ಇರುವುದು ಅಲ್ಲೇ, ಹೆದ್ದಾರಿಗೆ ಹತ್ತಿರದ ಊರಲ್ಲಿ.

“ನಾನೂ ಬರ್ತೆ. ಮಗ್ಳ ಮುಖ ನೋಡಿ ಎಷ್ಟು ದಿನ ಆಯ್ತು. ನಿನ್ನ ದೋಣಿ ವಿಷ್ಯಕ್ಕೆ ನಾ ಬರೂದಿಲ್ಲ.”

ಹೋಗುವಾಗ ಅತ್ತೆಯನ್ನು ಅಲ್ಲಿ ಬಿಟ್ಟು ನಾನೊಬ್ಬಳೇ ಕಾರವಾರಕ್ಕೆ ಹೋದೆ. ಇಂಜಿನಿಯರರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಜಾಕ್ ಕೊಟ್ಟು ಒಂದೊಂದೇ ಚಕ್ರ ಎತ್ತಿ ಕೈಯಿಂದ ತಿರುಗಿಸಿದೆ. ಎಡಗಡೆಯದು ಮೆತ್ತಗೆ ತಿರುಗಿತು, ಬಲಗಡೆಯದು ರವೆ ಹುರಿದ ಹಾಗೆ ಸದ್ದು ಮಾಡಿತು. ಬೇರಿಂಗು ಒಣಗಿತ್ತು. ಅವರು ಕಪಾಟಿನಿಂದ ಹೊಸ ಬೇರಿಂಗು ತಂದು ಕೊಟ್ಟರು, ಹಾಕಿ ಗ್ರೀಸು ತುಂಬಿದ್ದು ನಾನು. ಹಿಂಬದಿಯ ದೀಪದ ವಯರು ಜೋಡಿಸಿ, ಬ್ರೇಕು ತುಳಿದು, ಕೆಂಪು ಹತ್ತುವುದನ್ನು ಗೋಡೆಯ ಮೇಲೆ ನೋಡಿದೆ. ಹಾಯಿಯ ಕಂಬವನ್ನು ಮಲಗಿಸಿ, ಉಜ್ಜದಂತೆ ಹಳೆಯ ವಾಯಿಲ್ ಸೀರೆ ಸುತ್ತಿ ಕಟ್ಟಿದೆ. ಅದರ ತುದಿ ಹಿಂದೆ ಚಾಚಿಕೊಳ್ಳುತ್ತಿತ್ತು, ಒಂದು ಕೆಂಪು ರವಿಕೆಬಟ್ಟೆ ಕಟ್ಟಿದೆ. ಮೂತಿ ಜಾರಿದರೂ ನೆಲಕ್ಕೆ ಬೀಳದೆ ತೊಟ್ಟಿಲಲ್ಲಿ ಕೂತ ಹಾಗೆ ನಿಲ್ಲಲಿ ಎಂದು ಎರಡು ಸರಪಳಿಗಳನ್ನು ಅದರ ಕೆಳಗೆ ಅಡ್ಡಡ್ಡವಾಗಿ ಹಾಯಿಸಿ ಜೀಪಿಗೆ ಸಿಕ್ಕಿಸಿದೆ.

ಕೊನೆಯದು ತೂಕದ ಯಂತ್ರ. ಎರಡು ಚಕ್ರ, ಒಂದೇ ಅಚ್ಚುಮರದ ಗಾಡಿಗೆ ಮೂತಿಯ ಮೇಲೆ ಒಂದಿಷ್ಟು ಭಾರ ಇರಲೇಬೇಕು, ಒಟ್ಟು ಭಾರದ ಹತ್ತರಲ್ಲೊಂದು ಪಾಲಿನಷ್ಟು. ಮೂತಿಯನ್ನು ಗುಂಡಿನಿಂದ ಎತ್ತಿ, ಅದರ ಆಸರೆಯ ಕಾಲನ್ನು ಯಂತ್ರದ ಮೇಲೆ ನಿಲ್ಲಿಸಿ, ಲಂಗರು, ಹಗ್ಗ, ಹಾಯಿಯ ಚೀಲವನ್ನು ಆಚೆಗೀಚೆ ಸರಿಸಿ, ಮುಳ್ಳು ಸರಿಯಾದಲ್ಲಿ ನಿಂತಾಗ ಹಣೆಯ ಟಿಕಲಿ ಕಿತ್ತು ಗಾಜಿನ ಮೇಲೆ ಆ ಜಾಗಕ್ಕೆ ಅಂಟಿಸಿದೆ. ಇಂಜಿನಿಯರರು ಮೊದಲ ಸಲ ನಕ್ಕರು.

“ಇಷ್ಟು ವರ್ಷ ನಾನು ಕೈಯಲ್ಲೇ ಎತ್ತಿ ಅಂದಾಜು ಮಾಡ್ತಿದ್ದೆ ನೋಡಮ್ಮ.”

ಕಾರವಾರದಿಂದ ಅಂಕೋಲೆಯವರೆಗೆ ದೋಣಿ ಹಿಂದೆ ಇದೆಯೋ ಇಲ್ಲವೋ ಎಂದು ಕನ್ನಡಿ ನೋಡಿಕೊಳ್ಳಬೇಕು, ಅಷ್ಟು ಸದ್ದಿಲ್ಲದೆ ಬಂತು. ಎರಡು ಕಡೆ ನಿಲ್ಲಿಸಿ, ಬೇರಿಂಗು ಕಾದಿದೆಯೇ ಎಂದು ಚಕ್ರದ ನಡುವನ್ನು ಅಂಗೈಯಿಂದ ಮುಟ್ಟಿದೆ. ಮಗುವಿನ ಹಣೆಯಷ್ಟು ಬೆಚ್ಚಗೆ, ಜ್ವರ ಇರಲಿಲ್ಲ.

ನಾದಿನಿಯ ಮನೆಯಲ್ಲಿ ಊಟಕ್ಕೆ ಇಳಿದೆ. ಅಲ್ಲಿಯೇ ಎಡವಟ್ಟಾದದ್ದು.

ನಮ್ಮಲ್ಲಿ ಒಂದು ಕ್ರಮವಿದೆ. ಘಟ್ಟದ ಮೇಲಿನವರು ಕೆಳಗೆ ಹೋಗುವಾಗ ಜೋನಿ ಬೆಲ್ಲ, ಅನಾನಸು, ಶುಂಠಿ ಒಯ್ಯಬೇಕು. ಬರುವಾಗ ಕೆಳಗಿನವರು ಕಾಯಿ, ಉಪ್ಪು, ಒಣ ಸಿಗಡಿ, ಕೆಂಪಕ್ಕಿ ತುಂಬಿಸಿ ಕಳಿಸಬೇಕು. ಮಗಳ ಮನೆಯಿಂದ ತವರಿಗೆ ಖಾಲಿ ಗಾಡಿ ಹೊರಟರೆ ಅದು ಮಗಳಿಗೆ ಅವಮಾನ. ನಾದಿನಿ ದೋಣಿಯನ್ನು ಸುತ್ತು ಬಂದು ನೋಡಿ, “ಅಬ್ಬ, ಎಷ್ಟು ಜಾಗ ಅದ್ಯೇ ಇದ್ರಲ್ಲಿ!” ಅಂದಾಗಲೇ ನಾನು ನಡುವೆ ಬಾಯಿ ಹಾಕಿದೆ.

“ಅತ್ಗೇ, ಕಾಯಿ ಬೇಕಾದ್ರೆ ಒಂದು ಹತ್ತು ಕೊಡಿ, ಜೀಪಿನೊಳಗೆ ಇಡ್ವಾ. ದೋಣೀಲಿ ಎಂತದೂ ಬೇಡ.”

“ಆಯ್ತು ಮಾರಾಯ್ತಿ, ನೀ ಉಣ್ಣು ಮೊದ್ಲು.”

ನಾನು ಉಂಡು ಕೈತೊಳೆದು ಬರುವಷ್ಟರಲ್ಲಿ ದೋಣಿಗೆ ತಾಡಪಾಲು ಹೊದಿಸಿ ಬಿಗಿಯಾಗಿ ಕಟ್ಟಿಯಾಗಿತ್ತು. ಬಿಸಿಲಿಗೆ ಬಣ್ಣ ಹೋಗಬಾರದು ಅಂತ, ಎಂದರು ನಾದಿನಿ. ಒಳ್ಳೆಯದೇ ಅನಿಸಿತು. ಅತ್ತೆ ಹತ್ತಿ ಕೂತರು, ಹೊರಟೆವು.

ಹೆದ್ದಾರಿಗೆ ಬಿದ್ದ ಮೇಲೆ ಜೀಪಿನ ಹಿಂಭಾಗ ಬೆಣ್ಣೆಯ ಮೇಲೆ ನಿಂತ ಹಾಗೆ ಹಗುರವಾಗಿತ್ತು. ನನಗದು ಇಷ್ಟವಾಗಲಿಲ್ಲ. ಸುಂಕಸಾಳಕ್ಕೆ ಮುಂಚಿನ ಇಳಿಜಾರಿನಲ್ಲಿ ಎದುರಿನಿಂದ ಒಂದು ಬಸ್ಸು ಬೀಸಿ ಹೋಯಿತು. ಹಿಂದಿನಿಂದ ಯಾರೋ ಜೀಪಿನ ಸೊಂಟ ಹಿಡಿದು ಪಕ್ಕಕ್ಕೆ ಎಳೆದಂತಾಯಿತು. ಕನ್ನಡಿಯಲ್ಲಿ ಕೆಂಪು ರವಿಕೆಬಟ್ಟೆ ಒಮ್ಮೆ ಎಡಗಡೆ ಕಂಡಿತು, ಒಮ್ಮೆ ಬಲಗಡೆ, ಮತ್ತೆ ಎಡಗಡೆ, ಪ್ರತಿ ಸಲ ಇನ್ನಷ್ಟು ದೂರಕ್ಕೆ.

“ಎಂತಕ್ಕೆ ಹೀಗೆ ಕುಣೀತದೆ? ಬ್ರೇಕ್ ಹಾಕೇ!” ಅತ್ತೆ ಕೂಗಿದರು.

ಬ್ರೇಕು ಹಾಕಿದರೆ ಹಿಂದಿನದು ಮುಂದಿನದನ್ನು ನೂಕಿ ಅಡ್ಡ ಮಲಗಿಸುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಸ್ಟೇರಿಂಗನ್ನು ಅಲುಗಿಸದೆ ನೇರ ಹಿಡಿದೆ. ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಗುತ್ತಿತ್ತು, ತಡೆದೆ. ಕುಣಿತ ನಿಧಾನವಾಗಿ ಸಣ್ಣದಾಗುತ್ತ ಬಂದು ನಿಂತಿತು. ಒಂದು ಚಹಾದ ಹೋಟೆಲಿನ ಎದುರು ಅಗಲ ಜಾಗ ನೋಡಿ ನಿಲ್ಲಿಸಿ ಇಳಿದೆ.

ತಾಡಪಾಲು ಬಿಚ್ಚಿದೆ. ಹಾಯಿದೋಣಿಯ ಮುಂಭಾಗ ಮುಚ್ಚಿಕೊಂಡಿರುತ್ತದೆ. ಕೂರುವ ತೆರೆದ ಜಾಗ ಇರುವುದು ಹಿಂದೆ, ಚಕ್ರದ ಅಚ್ಚುಮರದಿಂದ ಆಚೆಗೆ. ಅಲ್ಲಿ ಕಾಯಿಯ ಚೀಲಗಳು, ಉಪ್ಪಿನ ಚೀಲ, ಅಕ್ಕಿಯ ಚೀಲ, ಸಿಗಡಿಯ ಡಬ್ಬಗಳು, ಒಂದು ರುಬ್ಬುವ ಕಲ್ಲು ಕೂಡ! ಬಾಲವೆಲ್ಲ ಭಾರ, ಮೂತಿ ಮೇಲೆ. ಜೀಪಿನ ಹಿಂಭಾಗವನ್ನೇ ಅದು ಎತ್ತಿ ಹಿಡಿದಿತ್ತು.

ನಮ್ಮ ಹಿಂದೆ ಬರುತ್ತಿದ್ದ ಲಾರಿಯ ಚಾಲಕರು ಚಹಾಕ್ಕೆಂದು ಇಳಿದವರು ಹತ್ತಿರ ಬಂದರು. ಹುಬ್ಬಳ್ಳಿ ಕಡೆಯವರು. “ಏನ್ ಅಕ್ಕಾರ, ನಿಮ್ಮ ಗಾಡಿ ಬಾಲ ಅಲ್ಲಾಡಸ್ತೈತಿ? ಭಾಳ ಹಗುರ ಆಗೇತ್ರಿ ಅದು. ಹಿಂದ ಇನ್ನೊಂದೆರಡು ಚೀಲ ಒಗೀರಿ, ಗಪ್ಪಗ ಕುಂದರತೈತಿ.”

ಹೋಟೆಲಿನಲ್ಲಿ ಕೂತವರೆಲ್ಲ ಹೌದು ಹೌದು ಎಂದರು. ಎಲ್ಲರಿಗೂ ಅದು ಸರಿಯೆನಿಸಿತು. ಹಗುರವಾದದ್ದು ಕುಣಿಯುತ್ತದೆ, ಭಾರವಾದದ್ದು ಕೂರುತ್ತದೆ.

“ಇಲ್ಲ ಅಣ್ಣ, ಇದ್ದದ್ದೂ ಇಳಿಸ್ಬೇಕು,” ಅಂದೆ.

ಅತ್ತೆ ಜೀಪಿನಿಂದ ಇಳಿದು ಬಂದರು. “ಎಂತ ಇಳಿಸೂದು?”

“ಎಲ್ಲಾ.”

“ನನ್ನ ಮಗ್ಳು ಕೊಟ್ಟದ್ದು ದಾರಿ ಮೇಲೆ ಇಳಿಸೂದಾ? ತಲೆ ಸರಿ ಇದ್ಯಾ ನಿಂಗೆ?”

“ಅತ್ತೆ, ಎತ್ತಿನ ಗಾಡಿಗೆ ಹಿಂಭಾರ ಆದ್ರೆ ಎಂತಾಗ್ತದೆ?”

ಅವರು ಎತ್ತಿನ ಗಾಡಿಯಲ್ಲೇ ಓಡಾಡಿ ಬೆಳೆದವರು. ಚೀಲಗಳನ್ನು ನೋಡಿದರು, ಮೇಲೆದ್ದ ಮೂತಿಯನ್ನು ನೋಡಿದರು. “ನೊಗ ಎತ್ತಿನ ಕುತ್ತಿಗೆ ಬಿಟ್ಟು ಮೇಲೇಳ್ತದೆ,” ಎಂದರು ಒಲ್ಲದ ಮನಸ್ಸಿನಿಂದ. ಕೂಡಲೇ, “ಹಾಗಾದ್ರೆ ಮುಂದೆ ಹೇರು. ಇಳಿಸೂದು ಎಂತಕ್ಕೆ?”

ಅದನ್ನು ನಾನೂ ಯೋಚಿಸಿದೆ. ಸ್ವಲ್ಪ ಜೀಪಿನೊಳಗೆ, ಸ್ವಲ್ಪ ದೋಣಿಯ ಮೂತಿಯ ಕಡೆ ಎಂದು ಹೊಂದಿಸಿದರೆ ಯಾರಿಗೂ ಬೇಸರವಾಗುತ್ತಿರಲಿಲ್ಲ. ನನ್ನ ಬದುಕಿನ ಬಹುಪಾಲು ಕೆಲಸ ಹಾಗೆ ಹೊಂದಿಸುವುದೇ. ಆದರೆ ಈ ಟ್ರೇಲರಿಗೆ ತನ್ನದೇ ಬ್ರೇಕಿಲ್ಲ. ಮುಂದೆ ಆರಬೈಲ್ ಘಟ್ಟ. ಹತ್ತುವಾಗ ನಿಂತರೂ, ತಿರುವಿನಲ್ಲಿ ಇಳಿದರೂ, ಎರಡರ ಭಾರವನ್ನೂ ಜೀಪಿನ ಬ್ರೇಕೇ ತಡೆಯಬೇಕು. ಏರಿನಲ್ಲಿ ರುಬ್ಬುಕಲ್ಲು ಜಾರಿ ಫೈಬರು ಸೀಳಿದರೆ ಮನೆ ಸೇರುವುದು ದೋಣಿಯಲ್ಲ, ಒಡೆದ ತೊಟ್ಟಿ.

ಒಂದು ಚೀಲವನ್ನೂ ಉಳಿಸಬಾರದೆಂದು ಅಲ್ಲೇ ತೀರ್ಮಾನಿಸಿದೆ. ಹೋಟೆಲಿನವರನ್ನು ಕೇಳಿದೆ, ಅವರು ಒಳಗಿನ ಕೋಣೆಯಲ್ಲಿ ಇಡಲು ಒಪ್ಪಿದರು. ನಾನೇ ಮೊದಲ ಚೀಲ ಎಳೆದೆ. ಲಾರಿಯ ಅಣ್ಣ ನಗುತ್ತಲೇ ಬಂದು ರುಬ್ಬುಕಲ್ಲು ಎತ್ತಿದರು. ಆಮೇಲೆ ತೂಕದ ಯಂತ್ರ ತೆಗೆದು ಮೂತಿಯ ಕಾಲಿನ ಕೆಳಗೆ ಇಟ್ಟೆ. ಹೋಟೆಲಿನ ಬೆಂಚುಗಳೆಲ್ಲ ಖಾಲಿಯಾಗಿ ಜನ ಸುತ್ತ ನಿಂತರು. “ಡಾಕ್ಟ್ರು ಡಯಟ್ ಹೇಳೀರೇನ್ರಿ ದೋಣಿಗೆ?” ಎಂದು ಯಾರೋ ಕೇಳಿದರು. ಮುಳ್ಳು ಅಲುಗಾಡಿ, ಟಿಕಲಿಗೆ ಸರಿಯಾಗಿ ಬಂದು ನಿಂತಿತು.

ನಾದಿನಿಗೆ ಫೋನು ಮಾಡಿದ್ದೂ ನಾನೇ. “ಅತ್ಗೇ, ಹಿಂಭಾರ ಆಗಿ ಗಾಡಿ ಕುಣೀತು, ಸಾಮಾನು ಸುಂಕಸಾಳದ ಹೋಟೆಲಲ್ಲಿ ಇಳಿಸಿದ್ದೆ. ಬಸ್ಸಿಗೆ ಹಾಕಿ ಕಳ್ಸಿ, ಇಲ್ಲಾಂದ್ರೆ ನಾನೇ ಇನ್ನೊಮ್ಮೆ ಬಂದು ಒಯ್ತೆ. ದೋಣೀಲಿ ತರೂದಿಲ್ಲ.”

“ನನ್ನ ಕಾಯಿ ನಿಂಗೆ ಭಾರ ಆಯ್ತಾ? ಘಟ್ಟ ಹತ್ತೂ ಗಾಡಿ ಖಾಲಿ ಹೋಗ್ತದಾ ಯಾವಾಗಾದ್ರೂ? ತಡಿ, ಅಣ್ಣನಿಗೆ ಹೇಳ್ತೆ.” ಫೋನು ಕಟ್ಟಾಯಿತು.

ಅತ್ತೆ ಒಂದು ತೆಂಗಿನಕಾಯಿಯನ್ನು ಚೀಲದಿಂದ ಕಿತ್ತುಕೊಂಡು ಬಂದು ಮಡಿಲಲ್ಲಿಟ್ಟು ಕೂತರು. “ಇದೊಂದು ಬರ್ತದೆ. ಇದ್ರಿಂದ ನಿನ್ನ ಬಾಲ ಅಲ್ಲಾಡೂದಿಲ್ಲಲ್ಲ?”

“ಇಲ್ಲ ಅತ್ತೆ.”

ಘಟ್ಟವನ್ನು ಎರಡನೇ ಗೇರಿನಲ್ಲಿ ಹತ್ತಿದೆ. ತಿರುವಿನಲ್ಲಿ ಟ್ರೇಲರು ಜೀಪಿಗಿಂತ ಒಳಗಿನಿಂದ ಬರುತ್ತದೆ. ಜೀಪನ್ನು ಅಗಲವಾಗಿ ಹೊರಗೆ ಒಯ್ದು ತಡವಾಗಿ ತಿರುಗಿಸಬೇಕು. ಹಾಗೆ ಮಾಡಿದಾಗ ಹಿಂದಿನವರು ಹಾರ್ನು ಹೊಡೆಯುತ್ತಾರೆ. ಹೊಡೆಯಲಿ. ಮೇಲಿನ ಒಂದು ಏರಿನಲ್ಲಿ ಲಾರಿ ಕೆಟ್ಟು ಸಾಲೆಲ್ಲ ನಿಂತುಬಿಟ್ಟಿತು, ಬಹಳ ಹೊತ್ತು. ಕೈಬ್ರೇಕು ಎಳೆದು ಇಳಿದು, ಟ್ರೇಲರಿನ ಚಕ್ರಗಳ ಹಿಂದೆ ನಾನು ತಂದಿದ್ದ ಮರದ ಅಡೆಗಳನ್ನು ಕೊಟ್ಟೆ. ರಸ್ತೆಯ ತುಂಬ ಮೊದಲು ಹೋದ ಯಾರೋ ಚಾಲಕರು ಇದೇ ಕೆಲಸಕ್ಕೆ ಬಳಸಿ ಬಿಟ್ಟುಹೋದ ಕಲ್ಲುಗಳು. ಸಮಯವಿತ್ತು, ಸೆರಗು ಸಿಕ್ಕಿಸಿ ಒಂದೊಂದಾಗಿ ಬದಿಗೆ ಹಾಕಿದೆ. ಅತ್ತೆ ಕಾಯಿ ಹಿಡಿದು ಮುಂದೆ ನೋಡುತ್ತ ಕೂತಿದ್ದರು. ಅಡೆ ತೆಗೆದು ಹೊರಡುವಾಗ ಜೀಪು ಒಂದಿಷ್ಟೂ ಹಿಂದೆ ಜಾರಲಿಲ್ಲ. ಆ ಚೀಲಗಳಿದ್ದರೆ ಕ್ಲಚ್ಚು ಸುಟ್ಟ ವಾಸನೆ ಕೆಳಗಿನ ಹೋಟೆಲಿಗೂ ಬರುತ್ತಿತ್ತು.

ಯಲ್ಲಾಪುರದಲ್ಲಿ ರಸ್ತೆಬದಿಗೆ ಭಾವ ನಿಂತಿದ್ದರು, ಕೈಯಲ್ಲಿ ಹೆಲ್ಮೆಟ್ಟು. ನಾದಿನಿಯ ಫೋನು ನೇರ ಭಾವನಿಗೇ ಹೋಗಿತ್ತು. ನಿಲ್ಲಿಸಿ ಕಿಟಕಿ ಇಳಿಸಿದೆ.

“ಗಾಡಿ ಕುಣೀತಂತೆ. ಆಯ್ತು, ಘಟ್ಟ ಹತ್ತಿಸಿದ್ಯಲ್ಲ, ಸಾಕು. ಈ ಬದಿಗೆ ಕೂರು. ಬೈಕು ಪರಿಚಯದವ್ರ ಮನೇಲಿ ಬಿಡ್ತೆ, ಇಲ್ಲಿಂದ ನಾ ಓಡಿಸ್ತೆ.”

ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬೆಳಗಿನ ಚಹಾದ ಕಲೆ ಇನ್ನೂ ಅಂಗಿಯ ಸಂದಿಯಿಂದ ಬನಿಯನ್ನಿನ ಮೇಲೆ ಕಾಣುತ್ತಿತ್ತು. ಅವಸರದಲ್ಲಿ ಹಾಗೆಯೇ ಬಂದಿದ್ದರು, ಕಾಳಜಿಯಿಂದಲೇ. ಅದಕ್ಕೇ ಇಲ್ಲ ಎನ್ನುವುದು ಕಷ್ಟ.

“ಬೇಡ ಭಾವ.”

“ಹಟ ಎಂತಕ್ಕೆ? ಕೀಲಿ ಕೊಡು.”

“ಕೊಡೂದಿಲ್ಲ ಭಾವ. ಕೊಟ್ರೆ ದೋಣಿ ವಾಪಸ್ಸು ಅಂತ ನಾನೇ ಹೇಳಿದ್ದು. ನೀವು ಬೈಕ್ ಮೇಲೆ ಹಿಂದಿನಿಂದ ಬನ್ನಿ. ಕಟ್ಟಿದ್ದೇನಾದ್ರೂ ಸಡಿಲ ಆದ್ರೆ ಹಾರ್ನ್ ಮಾಡಿ.”

ನನ್ನ ದನಿ ಏರಿರಲಿಲ್ಲ, ಆದರೆ ಕೈ ಕೀಲಿಯ ಮೇಲಿತ್ತು. ಭಾವ ನನ್ನನ್ನು ಬಿಟ್ಟು ಪಕ್ಕಕ್ಕೆ ನೋಡಿದರು. “ಅಮ್ಮಾ, ನೀನಾದ್ರೂ ಹೇಳೇ.”

ಅತ್ತೆ ಮಡಿಲಿನ ಕಾಯಿಯನ್ನು ಸರಿಮಾಡಿಕೊಂಡರು. “ನನ್ನ ಮಗ್ಳ ಕಾಯಿ, ಉಪ್ಪು, ಅಕ್ಕಿ, ಸಿಗಡಿ ಎಲ್ಲಾ ಇಳಿಸಿದ್ಲು ಇವ್ಳು. ಒಂದೂ ಬಿಡ್ಲಿಲ್ಲ. ಈಗ ನಿಂಗೆ ಓಡಿಸ್ಲಿಕ್ಕೆ ಕೊಟ್ರೆ ಅಷ್ಟೆಲ್ಲಾ ಇಳಿಸಿದ್ದು ಎಂತಕ್ಕಾಯ್ತು? ಇವ್ಳೇ ಓಡಿಸ್ಲಿ. ಸರಿ ಆಚೆಗೆ, ಹೊತ್ತಾಗ್ತದೆ.”

ಭಾವ ಹೆಲ್ಮೆಟ್ಟು ಹಾಕಿಕೊಂಡರು.

ಶಿರಸಿಯವರೆಗೆ ಕನ್ನಡಿಯಲ್ಲಿ ದೋಣಿ, ಅದರ ಹಿಂದೆ ಭಾವನ ದೀಪ. ಒಮ್ಮೆ ಹಾರ್ನು ಮಾಡಿದರು. ರವಿಕೆಬಟ್ಟೆಯ ಗಂಟು ಬಿಚ್ಚಿತ್ತು, ಮತ್ತೆ ಕಟ್ಟಿದೆ. ಐದು ರಸ್ತೆ ಸರ್ಕಲ್ಲಿನಲ್ಲಿ ಅಗಲವಾಗಿ ತಿರುಗಿಸುವಾಗ ಪೇಟೆಯೇ ನಿಂತು ನೋಡಿದ ಹಾಗಾಯಿತು. ಎಕ್ಕಂಬಿ ತಲುಪಿದಾಗ ಇನ್ನೂ ಬೆಳಕಿತ್ತು.

ನಮ್ಮ ಅಂಗಳಕ್ಕೆ ಎರಡು ಕಲ್ಲುಕಂಬಗಳ ನಡುವಿನಿಂದ ಹಿಂದಕ್ಕೆ ಹೋಗಬೇಕು. ನಮ್ಮವರು, ಅಕ್ಕಪಕ್ಕದವರು ಎಲ್ಲ ಸೇರಿದ್ದರು. ಎಲ್ಲರೂ ಕೈ ಬೀಸತೊಡಗಿದರು. ಬರ್ಲಿ ಬರ್ಲಿ, ಎಡಕ್ಕೆ, ಅಯ್ಯೋ ಬಲಕ್ಕೆ, ಕಟ್ ಮಾಡು. ಮೊದಲ ಸಲ ಟ್ರೇಲರು ಮೊಣಕೈಯ ಹಾಗೆ ಮಡಚಿಕೊಂಡಿತು. ಜೀಪು ನಿಲ್ಲಿಸಿ ಇಳಿದೆ.

“ದಯವಿಟ್ಟು ಎಲ್ಲರೂ ಸುಮ್ನಿರಿ. ಕೈಯೂ ಬೀಸ್ಬೇಡಿ.”

ಸಿಸ್ಟರು ತರಗತಿಗೆ ಹೇಳುತ್ತಿದ್ದ ದನಿಯೇ ಬಂತು. ಕೈಗಳು ಕೆಳಗಿಳಿದವು. ಮುಂದೆ ಹೋಗಿ ನೇರ ಮಾಡಿಕೊಂಡು, ಸ್ಟೇರಿಂಗಿನ ಅಡಿ ಹಿಡಿದು, ನಡೆಯುವಷ್ಟು ನಿಧಾನವಾಗಿ ಬಿಟ್ಟೆ. ಎಡಗಂಬ ದಾಟಿತು, ಬಲಗಂಬ ದಾಟಿತು. ಅಡೆ ಕೊಟ್ಟು, ಸರಪಳಿ ಬಿಚ್ಚಿ, ಮೂತಿ ಎತ್ತಿದೆ. ಚಕ್ರದ ನಡುವನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟೇ. ಭಾವನೂ ಬಗ್ಗಿ ಮುಟ್ಟಿದರು, ಏನನ್ನು ನೋಡಬೇಕೆಂದು ಕೇಳಲಿಲ್ಲ. ನಮ್ಮವರು ಕೊಕ್ಕೆಯ ಗುಂಡಿನ ಗ್ರೀಸು ಅಂಗಿಗೆ ಹತ್ತಿಸಿಕೊಂಡು, “ಬನವಾಸಿಗೆ ಯಾವಾಗ?” ಎಂದರು.

ಅತ್ತೆ ಜಗಲಿಯಲ್ಲಿ ಕೂತು ಕಾಲು ಚಾಚಿದ್ದರು, ಪಕ್ಕದಲ್ಲಿ ಆ ಒಂದು ಕಾಯಿ. ಅವರ ಫೋನು ಬಡಿಯಿತು. ಕಿವಿ ಮಂದವೆಂದು ಅವರದು ಯಾವಾಗಲೂ ಸ್ಪೀಕರಿನಲ್ಲೇ. ನಾದಿನಿಯ ದನಿ ಅಂಗಳಕ್ಕೆಲ್ಲ ಕೇಳಿತು.

“ಅಮ್ಮಾ, ಕಡೆಗೂ ಖಾಲಿ ಗಾಡೀಲೇ ಘಟ್ಟ ಹತ್ತಿ ಮನೆ ಸೇರಿದ್ರಲ್ಲ?”

ಅತ್ತೆ ದೋಣಿಯ ಕಡೆ ನೋಡಿದರು.

“ಖಾಲಿ ಎಂಥದೇ?” ಅಂದರು. “ಗಾಡಿ ತುಂಬ ದೋಣಿ ಬಂದದೆ.”